ನ್ಯೂರೋಎಂಡೋಕ್ರೈನ್ ಗಂಟಿನ ಗುರುತುಗಳು

2018ರ ಮಾರ್ಚ್ ತಿಂಗಳಲ್ಲಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಆಗಿದೆ ಎಂದು ತಾವೇ ಜನರಿಗೆ ತಿಳಿಸಿದರು. ನಮ್ಮಲ್ಲಿ ಬಹಳ ಮಂದಿ ಆ ಹೆಸರು ಕೇಳಿದ್ದು ಅಂದೇ ಮೊದಲು. ಮಿದುಳಿನ ಗಡ್ಡೆಯಿರಬೇಕು ಎಂದು ಊಹಿಸಿದವರಿದ್ದರು. ಹಾಗೇ ಆಗಬೇಕೆಂದಿಲ್ಲ ಎಂದು ಅವರೇ ಹೇಳಬೇಕಾಯಿತು. 2020ರ ಏಪ್ರಿಲ್ 29ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಅದಕ್ಕೂ ಮುಂಚೆ, 2003ರಲ್ಲಿ, ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರ ಮೇದೋಜೀರಕ ಗ್ರಂಥಿಯಲ್ಲಿ ಪತ್ತೆಯಾದದ್ದೂ ಇದೇ ಜಾತಿಯ ಗಂಟು. ಮೇದೋಜೀರಕದ ಕ್ಯಾನ್ಸರ್ ಎಂದರೆ ಸಾಮಾನ್ಯವಾಗಿ ನಾವು ಅರ್ಥಮಾಡಿಕೊಳ್ಳುವ ಕಾಯಿಲೆ ಅದಲ್ಲ. ಒಂದೇ ಅಂಗದಲ್ಲಿ ಹುಟ್ಟುವ ಈ ಎರಡು ಕಾಯಿಲೆಗಳ ಸ್ವಭಾವ ಬೇರೆ, ಚಿಕಿತ್ಸೆ ಬೇರೆ, ಬದುಕುವ ಅವಧಿಯೂ ಬೇರೆ. ಇದು ಯಾವುದು, ಅದು ಯಾವುದು ಎಂದು ಬೇರ್ಪಡಿಸಿ ಹೇಳುವುದು ನನ್ನಂಥ ಪ್ರಯೋಗಾಲಯದ ವೈದ್ಯರ ಕೆಲಸ. ಅದಕ್ಕೆ ನಾವು ನೆಚ್ಚಿಕೊಂಡಿರುವ ಗುರುತುಗಳ ಬಗ್ಗೆ, ವೈದ್ಯರು ಮಾರ್ಕರ್ ಎಂದು ಕರೆಯುತ್ತಾರಲ್ಲ, ಅವುಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ನಮ್ಮ ಜಠರ, ಕರುಳು, ಶ್ವಾಸಕೋಶ, ಮೇದೋಜೀರಕ ಇವುಗಳ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಕೆಲವು ವಿಶೇಷ ಜೀವಕೋಶಗಳು ಚದುರಿಕೊಂಡಿರುತ್ತವೆ. ನರಕೋಶದ ಕೆಲವು ಗುಣಗಳೂ ಹಾರ್ಮೋನು ಸ್ರವಿಸುವ ಗುಣವೂ ಅವುಗಳಲ್ಲಿ ಸೇರಿವೆ. ಅವು ಅಂಕೆ ಮೀರಿ ಬೆಳೆದಾಗ ಈ ಗಂಟುಗಳಾಗುತ್ತವೆ. ಅಪರೂಪದ ಕಾಯಿಲೆ, ನಿಜ. ಆದರೆ ಅಮೆರಿಕದ ಕ್ಯಾನ್ಸರ್ ದಾಖಲೆಗಳ ಪ್ರಕಾರ 1973ರಲ್ಲಿ ಲಕ್ಷಕ್ಕೆ ಸುಮಾರು ಒಬ್ಬರಲ್ಲಿ ಪತ್ತೆಯಾಗುತ್ತಿದ್ದದ್ದು 2012ರ ಹೊತ್ತಿಗೆ ಲಕ್ಷಕ್ಕೆ ಸುಮಾರು ಏಳಕ್ಕೆ ಏರಿತ್ತು. ಸ್ಕ್ಯಾನ್, ಎಂಡೋಸ್ಕೋಪಿ ಹೆಚ್ಚಾದದ್ದು ಅದಕ್ಕೊಂದು ದೊಡ್ಡ ಕಾರಣ. ಮುಂಚೆ ಇಲ್ಲದ್ದು ಈಗ ಬಂತು ಎನ್ನುವುದಕ್ಕಿಂತ, ಮುಂಚೆ ಕಾಣದೆ ಉಳಿಯುತ್ತಿದ್ದದ್ದು ಈಗ ಕಾಣುತ್ತಿದೆ ಎನ್ನುವುದು ಸರಿ.

ಕಾಣದೆ ಉಳಿಯುವುದು ಇವುಗಳ ಹುಟ್ಟುಗುಣ. ಹಲವು ಗಂಟುಗಳು ನಿಧಾನವಾಗಿ ಬೆಳೆಯುತ್ತವೆ. ಆಗಾಗ ಭೇದಿ, ಹೊಟ್ಟೆ ಹಿಂಡಿದಂತೆ ನೋವು, ಮುಖ ಇದ್ದಕ್ಕಿದ್ದಂತೆ ಬಿಸಿಯಾಗುವುದು, ಉಬ್ಬಸ. ಭೇದಿಗೆ ಐಬಿಎಸ್ ಎಂಬ ಹಣೆಪಟ್ಟಿ ಬೀಳುತ್ತದೆ, ಉಬ್ಬಸಕ್ಕೆ ಆಸ್ತಮಾ, ನಲವತ್ತೈದು ದಾಟಿದ ಹೆಂಗಸಾದರೆ ಮುಟ್ಟು ನಿಲ್ಲುವ ಕಾಲದ ತೊಂದರೆ ಎನ್ನುತ್ತಾರೆ. ಸಣ್ಣ ಕರುಳಿನ ಕೊನೆಯಲ್ಲಿ ಗಂಟು, ಸುತ್ತ ಊದಿಕೊಂಡ ಹಾಲ್ರಸದ ಗ್ರಂಥಿಗಳು ಸ್ಕ್ಯಾನಿನಲ್ಲಿ ಕಂಡರೆ ನಮ್ಮ ದೇಶದಲ್ಲಿ ಮೊದಲು ಹೊಳೆಯುವುದು ಹೊಟ್ಟೆಯ ಕ್ಷಯ. ಹಾಗೆ ಹೊಳೆಯುವುದು ತಪ್ಪಲ್ಲ, ಕ್ಷಯ ನಮ್ಮಲ್ಲಿ ಅಷ್ಟು ಇದೆ. ಇನ್ನೊಂದು ಮಾತು: ಮುಖ ಕೆಂಪೇರುತ್ತದೆ ಎಂದು ಪಠ್ಯಪುಸ್ತಕಗಳು ಬರೆದದ್ದು ಬಿಳಿಯ ಮೈಬಣ್ಣದವರನ್ನು ನೋಡಿ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ರೋಗಿ ‘ಮುಖ, ಕತ್ತು ಬೆಂಕಿಯಾದ ಹಾಗಾಗುತ್ತದೆ’ ಎಂದು ಹೇಳಿದರೆ, ಕಣ್ಣಿಗೆ ಕಾಣದಿದ್ದರೂ ವೈದ್ಯರು ಆ ಮಾತನ್ನು ನಂಬಬೇಕು.

ಈ ಗಂಟುಗಳನ್ನು ಬೇರೆಯದೇ ಒಂದು ವರ್ಗವೆಂದು ಮೊದಲು ಗುರುತಿಸಿದವರು ಜರ್ಮನಿಯ ಮ್ಯೂನಿಕ್ ನಗರದ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್. 1907ರಲ್ಲಿ ಸಣ್ಣ ಕರುಳಿನ ಪುಟ್ಟ ಪುಟ್ಟ ಗಂಟುಗಳನ್ನು ವಿವರಿಸಿ ಕಾರ್ಸಿನಾಯ್ಡ್ ಎಂದು ಹೆಸರಿಟ್ಟರು, ಇವು ನಿರುಪದ್ರವಿ ಎಂದೇ ಭಾವಿಸಿದ್ದರು. 1929ರಲ್ಲಿ, ಮತ್ತಷ್ಟು ಪ್ರಕರಣಗಳನ್ನು ನೋಡಿದ ಮೇಲೆ, ಇವು ಹರಡಲೂಬಹುದು ಎಂದು ತಾವೇ ತಿದ್ದಿ ಬರೆದರು. ಯಹೂದಿಯಾದ ಅವರನ್ನು 1933ರಲ್ಲಿ ನಾಜಿ ಆಡಳಿತ ಕೆಲಸದಿಂದ ತೆಗೆಯಿತು. ಇಸ್ತಾಂಬುಲ್ ಸೇರಿ ಅಲ್ಲಿ ಪಾಠ ಹೇಳುತ್ತ 1944ರಲ್ಲಿ ಕಣ್ಮುಚ್ಚಿದರು. ಅವರು 1929ರಲ್ಲಿ ಕೊಟ್ಟ ಎಚ್ಚರಿಕೆ ವೈದ್ಯಲೋಕದ ಕಿವಿಗೆ ಬೀಳಲು ದಶಕಗಳೇ ಹಿಡಿದವು.

ಮೊದಲ ಮಾರ್ಕರ್ ಯಾವುದು ಗೊತ್ತೇ? ಬೆಳ್ಳಿ. 1914ರಲ್ಲಿ ಫ್ರಾನ್ಸಿನ ಪಿಯೆರ್ ಮಾಸೋಂ ಈ ಜೀವಕೋಶಗಳಿಗೆ ಬೆಳ್ಳಿಯ ಲವಣದ ದ್ರಾವಣ ತಾಗಿಸಿದಾಗ ಒಳಗಿನ ಕಣಗಳು ಕಪ್ಪುಗಟ್ಟುವುದನ್ನು ತೋರಿಸಿದರು. ಪಕ್ಕದ ಕೋಶಗಳು ಹಾಗೆ ಕಪ್ಪಾಗುತ್ತಿರಲಿಲ್ಲ. ಆ ಕಣಗಳಲ್ಲಿ ಏನೋ ಇದೆ ಎಂದಾಯಿತು. ಏನು ಎಂಬುದನ್ನು ಬೆನ್ನಟ್ಟಿದವರು ಇಟಲಿಯ ವಿಟ್ಟೋರಿಯೋ ಎರ್‌ಸ್ಪಾಮರ್. 1930ರ ದಶಕದಲ್ಲಿ ಕರುಳಿನಿಂದ ಅವರು ಬೇರ್ಪಡಿಸಿದ ವಸ್ತುವೂ, 1948ರಲ್ಲಿ ಅಮೆರಿಕದಲ್ಲಿ ರಕ್ತದಿಂದ ಬೇರ್ಪಡಿಸಿದ ಸೆರೊಟೋನಿನ್ನೂ ಒಂದೇ ಎಂದು 1952ರಲ್ಲಿ ಖಚಿತವಾಯಿತು. ಮರುವರ್ಷವೇ ಗಂಟಿನೊಳಗೆ ಸೆರೊಟೋನಿನ್ ಸಿಕ್ಕಿತು. 1954ರಲ್ಲಿ ಸ್ವೀಡನ್ನಿನ ವೈದ್ಯರು ಭೇದಿ, ಮುಖದ ಬಿಸಿ, ಉಬ್ಬಸ, ಹೃದಯದ ಬಲಭಾಗದ ಕವಾಟದ ಕಾಯಿಲೆ ಇವೆಲ್ಲ ಒಂದೇ ರೋಗದ ಲಕ್ಷಣಗಳೆಂದು ಜೋಡಿಸಿ ತೋರಿಸಿದರು.

ಇಲ್ಲಿ ಒಂದು ಸಂಗತಿ ಅರ್ಥವಾದರೆ ಮುಂದಿನದೆಲ್ಲ ಸುಲಭ. ಕರುಳಿನಿಂದ ಹೊರಟ ರಕ್ತವೆಲ್ಲ ಮೊದಲು ಲಿವರನ್ನು ಹಾಯ್ದೇ ಹೋಗಬೇಕು. ಲಿವರ್ ಅಲ್ಲಿ ಸುಂಕದ ಕಟ್ಟೆಯ ಹಾಗೆ ಕುಳಿತಿದೆ. ಗಂಟು ಸುರಿಸಿದ ಸೆರೊಟೋನಿನ್ ಅನ್ನು ಅಲ್ಲೇ ತಡೆದು ಒಡೆದುಹಾಕುತ್ತದೆ. ಆದ್ದರಿಂದ ಗಂಟು ಕರುಳಿನಲ್ಲಷ್ಟೇ ಇರುವತನಕ ರೋಗಿಗೆ ಸಾಮಾನ್ಯವಾಗಿ ಬಿಸಿಯೂ ಇಲ್ಲ, ಉಬ್ಬಸವೂ ಇಲ್ಲ. ಲಿವರಿನೊಳಕ್ಕೇ ಹರಡಿದ ಮೇಲೆ ಅಲ್ಲಿಂದ ಹೊರಟ ಸೆರೊಟೋನಿನ್ ನೇರ ಹೃದಯದ ಬಲಭಾಗಕ್ಕೆ ಬರುತ್ತದೆ, ಲಕ್ಷಣಗಳು ಶುರುವಾಗುತ್ತವೆ. ಶ್ವಾಸಕೋಶದ ಗಂಟುಗಳಿಗೆ ಈ ಅಡ್ಡಿಯಿಲ್ಲ, ಅದು ಬೇರೆ ಮಾತು. ಒಟ್ಟಿನಲ್ಲಿ ಸೆರೊಟೋನಿನ್ ಸಂಬಂಧದ ಪರೀಕ್ಷೆ ಸರಿಯಾಗಿದೆ ಎಂದ ಮಾತ್ರಕ್ಕೆ ಗಂಟು ಇಲ್ಲ ಎಂದಾಗುವುದಿಲ್ಲ. ಮಲಾಶಯದ ಗಂಟುಗಳಂತೂ ಸೆರೊಟೋನಿನ್ ತಯಾರಿಸುವುದೇ ಅಪರೂಪ. ಅಲ್ಲಿ ಈ ಪರೀಕ್ಷೆಯಿಂದ ಏನೂ ಉಪಯೋಗವಿಲ್ಲ.

ಸೆರೊಟೋನಿನ್ ಒಡೆದಾಗ ಉಂಟಾಗುವ 5-ಎಚ್‌ಐಎಎ ಎಂಬ ವಸ್ತು ಮೂತ್ರದಲ್ಲಿ ಹೊರಹೋಗುತ್ತದೆ. 24 ಗಂಟೆಗಳ ಮೂತ್ರವನ್ನು ಕೂಡಿಹಾಕಿ ಅದನ್ನು ಅಳೆಯುತ್ತೇವೆ. ಬೆಳಿಗ್ಗೆ ಎದ್ದ ಕೂಡಲೇ ಮಾಡಿದ ಮೂತ್ರವನ್ನು ಚೆಲ್ಲಿಬಿಡಬೇಕು; ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ, ಅದೂ ಸೇರಿ, ಪ್ರತಿಯೊಂದು ಹನಿಯೂ ಲ್ಯಾಬಿನವರು ಕೊಟ್ಟ ಕ್ಯಾನಿಗೇ ಬೀಳಬೇಕು. ಕ್ಯಾನಿನ ತಳದಲ್ಲಿ ಸಾಮಾನ್ಯವಾಗಿ ಆಸಿಡ್ ಇರುತ್ತದೆ, ವಸ್ತು ಕೆಡದಿರಲಿ ಎಂದು. ಖಾಲಿ ಕ್ಯಾನಿನಲ್ಲಿ ನೀರು ಉಳಿದಿದೆ ಎಂದುಕೊಂಡು ಅದನ್ನು ತೊಳೆದು ತರುವವರಿದ್ದಾರೆ. ಹಾಗೆ ಮಾಡಬೇಡಿ, ನೇರ ಅದರೊಳಕ್ಕೆ ಮೂತ್ರ ಮಾಡಲೂ ಬೇಡಿ, ಆಸಿಡ್ ಸಿಡಿದೀತು. ಬೇರೆ ಪಾತ್ರೆಯಲ್ಲಿ ಹಿಡಿದು ನಿಧಾನವಾಗಿ ಸುರಿಯಿರಿ. ಕ್ಯಾನನ್ನು ಬಿಸಿಲು ಬೀಳದ ತಂಪು ಜಾಗದಲ್ಲಿಡಿ.

ಊಟದ ಪಥ್ಯವೂ ಇದೆ. ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಮುಗಿಯುವತನಕ ಬಾಳೆಹಣ್ಣು, ಅನಾನಸ್, ಟೊಮೆಟೊ, ಬದನೆಕಾಯಿ, ಅಕ್ರೋಟು, ಬೆಣ್ಣೆಹಣ್ಣು, ಕಿವಿಹಣ್ಣು ಇವನ್ನು ಮುಟ್ಟುವಂತಿಲ್ಲ. ಇವುಗಳಲ್ಲೇ ಸೆರೊಟೋನಿನ್ ಇರುತ್ತದೆ. ಟೊಮೆಟೊ ಸಾರು, ಬದನೆಕಾಯಿ ಎಣ್ಣೆಗಾಯಿ, ಊಟವಾದ ಮೇಲೊಂದು ಬಾಳೆಹಣ್ಣು. ನಮ್ಮ ಮಾಮೂಲಿ ಊಟವೇ ಸಾಕು ರಿಪೋರ್ಟನ್ನು ಏರಿಸಲು. ಕೆಲವು ಕೆಮ್ಮಿನ ಸಿರಪ್‌ಗಳು, ಪ್ಯಾರಾಸಿಟಮಾಲ್ ಮಾತ್ರೆ ಕೂಡ ಅಡ್ಡಬರುತ್ತವೆ. ಅನ್ನ, ಬೇಳೆ, ಮೊಸರು ಉಂಡು ಮೂರ್ನಾಲ್ಕು ದಿನ ಕಳೆಯುವುದು ಕಷ್ಟವಲ್ಲ. ಹಾಗೆ ಇರಬೇಕೆಂದು ರೋಗಿಗೆ ಯಾರೂ ಬಿಡಿಸಿ ಹೇಳದಿರುವುದೇ ಕಷ್ಟ. ಆರೋಗ್ಯವಂತರಲ್ಲಿ ಇದು ದಿನಕ್ಕೆ ಸುಮಾರು 8ರಿಂದ 10 ಮಿಲಿಗ್ರಾಂ ಒಳಗಿರುತ್ತದೆ. ಗಂಟು ಹರಡಿ ಲಕ್ಷಣಗಳಿರುವವರಲ್ಲಿ ನೂರು ದಾಟುವುದೂ ಉಂಟು. ಸ್ವಲ್ಪವೇ ಏರಿದ ಅಂಕಿ ಬಂದರೆ ನಾನು ಮೊದಲು ಕೇಳುವುದು ಅಡುಗೆಮನೆಯ ಸುದ್ದಿ.

ಹೀಗೊಂದು ಕುತೂಹಲದ ಸಂಬಂಧವೂ ಇದೆ. ಸೆರೊಟೋನಿನ್ ತಯಾರಾಗುವುದು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ. ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ವಕ್ಕೂ ದೇಹ ಅದನ್ನೇ ಬಳಸುತ್ತದೆ. ಗಂಟು ಟ್ರಿಪ್ಟೊಫಾನನ್ನೆಲ್ಲ ಕಬಳಿಸಿದರೆ ನಿಯಾಸಿನ್ ಕೊರತೆಯಾಗಿ ಪೆಲಾಗ್ರಾ ಬರಬಹುದು: ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮಂಕು. ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಕಂಡ ಪೆಲಾಗ್ರಾವನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅಧ್ಯಯನ ಮಾಡಿದ್ದರು. ಹೊಟ್ಟೆತುಂಬ ಉಣ್ಣುವವರಲ್ಲಿ ಆ ಚರ್ಮ ಕಂಡರೆ ವೈದ್ಯರು ಈ ಗಂಟನ್ನೂ ನೆನೆಯಬೇಕು.

ಇನ್ನು ಕ್ರೊಮೊಗ್ರಾನಿನ್-ಎ. ಇವತ್ತಿನ ಮಾತಿನ ಮುಖ್ಯ ಭಾಗ ಇದು. ಹಾರ್ಮೋನು ತುಂಬಿಟ್ಟುಕೊಂಡಿರುವ ಕಣಗಳೊಳಗೆ ಹಾರ್ಮೋನಿನ ಜೊತೆಗೇ ಇರುವ ಪ್ರೋಟೀನು ಇದು. 1960ರ ದಶಕದಲ್ಲಿ ದನದ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದರು. ಕಣ ಒಡೆದು ಹಾರ್ಮೋನು ಹೊರಬಿದ್ದಾಗ ಇದೂ ರಕ್ತಕ್ಕೆ ಸೇರುತ್ತದೆ. ಗಂಟು ಯಾವ ಹಾರ್ಮೋನನ್ನೇ ಮಾಡಲಿ, ಏನೂ ಮಾಡದೆಯೇ ಇರಲಿ, ಕ್ರೊಮೊಗ್ರಾನಿನ್ ಮಾತ್ರ ಇರಬಹುದು ಎಂಬ ಕಾರಣಕ್ಕೆ ಇದು ಎಲ್ಲಕ್ಕೂ ಸಲ್ಲುವ ಮಾರ್ಕರ್ ಎಂದು ಹೆಸರಾಯಿತು. ಆ ಹೆಸರು ಅರ್ಧವಷ್ಟೇ ನಿಜ.

ಯಾಕೆ ಎಂದರೆ ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ನುಂಗಿಯೇ ದಿನ ಶುರುಮಾಡುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಈ ಮಾತ್ರೆ ಜಠರದ ಆಮ್ಲವನ್ನು ನಿಲ್ಲಿಸುತ್ತದೆ. ಆಮ್ಲ ಸಾಲದು ಎಂದು ಜಠರ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಗ್ಯಾಸ್ಟ್ರಿನ್ ಜಠರದ ಗೋಡೆಯಲ್ಲಿರುವ ಇದೇ ಜಾತಿಯ ಜೀವಕೋಶಗಳನ್ನು ಎಬ್ಬಿಸಿ ದುಡಿಸುತ್ತದೆ. ಅವು ಕ್ರೊಮೊಗ್ರಾನಿನ್ ಸುರಿಸುತ್ತವೆ. ಗಂಟೇ ಇಲ್ಲದ ಮನುಷ್ಯನ ರಿಪೋರ್ಟಿನಲ್ಲಿ ಅಂಕಿ ಎರಡು ಪಟ್ಟು, ಮೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಕಿಡ್ನಿ ಸೋತವರಲ್ಲಿ, ಹೃದಯ ಸೋತವರಲ್ಲಿ, ಜಠರದ ಒಳಪದರ ಸವೆದವರಲ್ಲಿಯೂ ಇದು ಏರುತ್ತದೆ. ಒಂದು ಲ್ಯಾಬಿನ ವಿಧಾನ ಇನ್ನೊಂದರಂತಿಲ್ಲದ ಕಾರಣ ಇಲ್ಲಿಯ ಅಂಕಿಯನ್ನು ಅಲ್ಲಿಯದಕ್ಕೆ ಹೋಲಿಸುವಂತೆಯೂ ಇಲ್ಲ.

ಹಾಗಾಗಿ ಹೊಟ್ಟೆಯುಬ್ಬರಕ್ಕೆಂದೋ, ಕ್ಯಾನ್ಸರಿನ ಭಯಕ್ಕೆಂದೋ ಈ ಪರೀಕ್ಷೆ ಮಾಡಿಸುವುದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಗಂಟು ಇದೆ ಎಂದು ಅಂಗಾಂಶದಿಂದ ಖಚಿತವಾದವರಲ್ಲಿ, ಮೊದಲೇ ಅಂಕಿ ಏರಿದ್ದರೆ, ಚಿಕಿತ್ಸೆ ಹೇಗೆ ನಡೆದಿದೆ ಎಂದು ಕಾಲಕಾಲಕ್ಕೆ ನೋಡಲು ಇದು ನೆರವಾಗಬಹುದು, ಅಷ್ಟೇ. ಪರೀಕ್ಷೆ ಬೇಕೇ ಬೇಕೆಂದಾದರೆ ಗ್ಯಾಸ್ ಮಾತ್ರೆಯನ್ನು ಕನಿಷ್ಠ ಎರಡು ವಾರ ನಿಲ್ಲಿಸಬೇಕಾಗುತ್ತದೆ. ದಯವಿಟ್ಟು ಗಮನಿಸಿ, ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಗ್ಯಾಸ್ಟ್ರಿನನ್ನೇ ಸುರಿಸುವ ಗಂಟು ಕೆಲವರಲ್ಲಿ ಇರುತ್ತದೆ. 1955ರಲ್ಲಿ ಅಮೆರಿಕದ ಜೋಲಿಂಜರ್ ಮತ್ತು ಎಲಿಸನ್ ವಿವರಿಸಿದ ಕಾಯಿಲೆ ಅದು. ಅಂಥವರು ಮಾತ್ರೆಯನ್ನು ತಟ್ಟನೆ ಬಿಟ್ಟರೆ ಹುಣ್ಣು ಒಡೆದು ಪ್ರಾಣಕ್ಕೇ ಕುತ್ತು ಬಂದೀತು.

ಎನ್‌ಎಸ್‌ಇ ಎಂಬ ಇನ್ನೊಂದು ರಕ್ತಪರೀಕ್ಷೆಯಿದೆ. ಅದೇ ಪ್ರೋಟೀನು ಕೆಂಪು ರಕ್ತಕಣಗಳಲ್ಲೂ ಇರುವುದರಿಂದ, ರಕ್ತ ತೆಗೆಯುವಾಗ ಕಣಗಳು ಒಡೆದರೂ ಅಂಕಿ ಏರುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಆದರೆ ರಕ್ತಪರೀಕ್ಷೆಗಳೆಲ್ಲ ಹೀಗೇ ಎಂದುಕೊಳ್ಳಬೇಡಿ. ನಿರ್ದಿಷ್ಟ ಲಕ್ಷಣಕ್ಕೆ ನಿರ್ದಿಷ್ಟ ಹಾರ್ಮೋನನ್ನು ಹುಡುಕಿದಾಗ ರಕ್ತ ಬಹಳ ನಿಖರವಾಗಿ ಹೇಳುತ್ತದೆ. ಇನ್ಸುಲಿನೋಮಾ ಅದಕ್ಕೆ ಒಳ್ಳೆಯ ಉದಾಹರಣೆ. ಮೇದೋಜೀರಕದಲ್ಲಿ ಸಾಮಾನ್ಯವಾಗಿ ಎರಡು ಸೆಂಟಿಮೀಟರಿಗೂ ಚಿಕ್ಕದಾದ ಗಂಟು. ಹೊತ್ತಿಲ್ಲ ಗೊತ್ತಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ರೋಗಿ ಬೆಳಗಿನ ಜಾವ ಎದ್ದು ಏನೇನೋ ಮಾತಾಡುತ್ತಾರೆ, ಮನೆಯವರ ಗುರುತು ಹಿಡಿಯುವುದಿಲ್ಲ, ಬೆವರುತ್ತಾರೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಸಕ್ಕರೆ ನೀರು ಕುಡಿಸಿದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತಾರೆ. ಮೈಮೇಲೆ ಬರುವುದು ಎಂದು ಮಂತ್ರಕ್ಕೆ ಕರೆದೊಯ್ಯುವುದು, ಮೂರ್ಛೆರೋಗ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿಸುವುದು, ಎರಡೂ ನಡೆಯುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1927ರಲ್ಲಿ ವರದಿಯಾದ ಮೊದಲ ಪ್ರಕರಣದ ರೋಗಿ ಸ್ವತಃ ಒಬ್ಬ ಶಸ್ತ್ರವೈದ್ಯ.

ಇದನ್ನು ಪತ್ತೆಹಚ್ಚಲು ಆಸ್ಪತ್ರೆಯಲ್ಲೇ ಮಲಗಿಸಿ 72 ಗಂಟೆಗಳವರೆಗೆ ಉಪವಾಸ ಇರಿಸುತ್ತಾರೆ. ಹಲವರಲ್ಲಿ ಅಷ್ಟು ಹೊತ್ತು ಬೇಕಾಗುವುದಿಲ್ಲ. ಸಕ್ಕರೆ 55 ಮಿಲಿಗ್ರಾಂಗಿಂತ ಕೆಳಗಿಳಿದು ಲಕ್ಷಣಗಳು ಕಾಣಿಸಿದಾಗ ತೆಗೆದ ರಕ್ತದಲ್ಲಿ ಇನ್ಸುಲಿನ್ ಇರಲೇಬಾರದು ಎನ್ನುವಷ್ಟು ಕಡಿಮೆ ಇರಬೇಕು. ಇದ್ದರೆ ತಪ್ಪು ಎಲ್ಲೋ ಇದೆ. ಜೊತೆಗೆ ಸಿ-ಪೆಪ್ಟೈಡ್ ನೋಡುತ್ತೇವೆ: ದೇಹ ತಾನೇ ಇನ್ಸುಲಿನ್ ತಯಾರಿಸಿದರೆ ಮಾತ್ರ ಅದು ಏರುತ್ತದೆ, ಹೊರಗಿನಿಂದ ಚುಚ್ಚಿಕೊಂಡ ಇನ್ಸುಲಿನ್‌ಗೆ ಏರುವುದಿಲ್ಲ. ಮನೆಯಲ್ಲಿ ಬೇರೊಬ್ಬರ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಗೊತ್ತಿಲ್ಲದೆ ನುಂಗಿದ್ದರೆ ಎರಡೂ ಏರುತ್ತವೆ. ಅದಕ್ಕೂ ಬೇರೆ ಪರೀಕ್ಷೆಯಿದೆ. ಒಂದು ಹೊತ್ತಿನ, ಸರಿಯಾದ ಹೊತ್ತಿನ, ಒಂದೇ ಸಿರಿಂಜ್ ರಕ್ತ ಇಷ್ಟನ್ನೂ ಹೇಳಿಬಿಡುತ್ತದೆ. ಗಂಟು ತೆಗೆದರೆ ಬಹುತೇಕರು ಪೂರ್ತಿ ಗುಣವಾಗುತ್ತಾರೆ.

ಅಡ್ರಿನಲ್ ಗ್ರಂಥಿಯ ಗಂಟಿಗೆ ಮೆಟಾನೆಫ್ರಿನ್ ಪರೀಕ್ಷೆ. ರೋಗಿಯನ್ನು ಇಪ್ಪತ್ತು ಮೂವತ್ತು ನಿಮಿಷ ಸುಮ್ಮನೆ ಮಲಗಿಸಿ ಆಮೇಲೆ ರಕ್ತ ತೆಗೆಯಬೇಕು. ಥೈರಾಯ್ಡಿನ ಮೆಡುಲ್ಲರಿ ಕ್ಯಾನ್ಸರಿಗೆ ಕ್ಯಾಲ್ಸಿಟೋನಿನ್. ಅದು ಪತ್ತೆಯಾದರೆ ಆರ್‌ಇಟಿ ವಂಶವಾಹಿಯನ್ನೂ ನೋಡಬೇಕು. ಅದರಲ್ಲಿ ಹುಟ್ಟುದೋಷವಿದ್ದರೆ ಮಕ್ಕಳು, ಒಡಹುಟ್ಟಿದವರು ಕೂಡ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಈಗ ನನ್ನ ಮೇಜಿಗೆ ಬನ್ನಿ. ಎಷ್ಟೇ ರಕ್ತಪರೀಕ್ಷೆ ಮಾಡಿದರೂ ಕೊನೆಯ ತೀರ್ಮಾನ ಸಾಮಾನ್ಯವಾಗಿ ಬಯಾಪ್ಸಿಯದೇ. ಫಾರ್ಮಾಲಿನ್‌ನಲ್ಲಿ ಬಂದ ಚೂರನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗದಷ್ಟು ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕುತ್ತೇವೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಅಳತೆಯ ದುಂಡು ಕೋಶಗಳು ಗುಂಪು ಗುಂಪಾಗಿ, ಸಾಲು ಸಾಲಾಗಿ ಕಂಡರೆ ಅನುಮಾನ ಹುಟ್ಟುತ್ತದೆ. ಆಗ ಪ್ರತಿಕಾಯಗಳನ್ನು ಬಳಸುತ್ತೇವೆ. ಕ್ರೊಮೊಗ್ರಾನಿನ್‌ಗೆ ಒಂದು, ಸಿನಾಪ್ಟೊಫೈಸಿನ್‌ಗೆ ಒಂದು. ಆ ಪ್ರೋಟೀನು ಇರುವ ಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ್ದು ನೀಲಿಯಾಗೇ ಉಳಿಯುತ್ತದೆ. ಈಚೆಗೆ ಐಎನ್‌ಎಸ್‌ಎಂ-1 ಎಂಬುದೂ ಬಂದಿದೆ. ಕೋಶದ ಕೇಂದ್ರವನ್ನೇ ಕಂದು ಮಾಡುತ್ತದೆ, ಒರಟಾದ ಗಂಟುಗಳಲ್ಲಿ ಕ್ರೊಮೊಗ್ರಾನಿನ್ ಮಾಸಿಹೋಗಿದ್ದಾಗ ಕೈಹಿಡಿಯುತ್ತದೆ.

ಇಲ್ಲೂ ಮೋಸಹೋಗುವ ಜಾಗಗಳಿವೆ. ಮಲಾಶಯದ ಗಂಟುಗಳು ಹಲವು ಸಲ ಕ್ರೊಮೊಗ್ರಾನಿನ್-ಎ ತೋರಿಸುವುದಿಲ್ಲ, ಬದಲಿಗೆ ಪ್ರಾಸ್ಟೇಟಿನ ಗುರುತೆಂದು ನಾವು ಬಳಸುವ ಒಂದು ಬಣ್ಣವನ್ನು ಹಿಡಿಯುತ್ತವೆ. ವಯಸ್ಸಾದ ಗಂಡಸಿನ ಚೂರಿನಲ್ಲಿ ಅದು ಕಂಡರೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಬರೆದುಬಿಡುವ ಅಪಾಯವಿದೆ. ಲಿವರಿನಲ್ಲಿ ಹರಡಿದ ಗಂಟು ಸಿಕ್ಕಿ ಮೂಲ ಗೊತ್ತಿಲ್ಲದಿದ್ದರೆ ಇನ್ನಷ್ಟು ಬಣ್ಣಗಳು ದಿಕ್ಕು ತೋರಿಸುತ್ತವೆ: ಸಿಡಿಎಕ್ಸ್-2 ಕಂದಾದರೆ ಸಣ್ಣ ಕರುಳಿನತ್ತ, ಟಿಟಿಎಫ್-1 ಕಂದಾದರೆ ಶ್ವಾಸಕೋಶದತ್ತ.

ಆಮೇಲೆ ಕೆಐ-67. ಕೋಶ ಇಬ್ಭಾಗವಾಗುವ ಹಾದಿಯಲ್ಲಿದ್ದಾಗ ಮಾತ್ರ ಅದರ ಕೇಂದ್ರದಲ್ಲಿ ಇರುವ ಪ್ರೋಟೀನು ಅದು. 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಸಿಕ್ಕಿತು. ಗಂಟಿನಲ್ಲಿ ಅತಿ ಹೆಚ್ಚು ಕಂದು ಚುಕ್ಕೆಗಳಿರುವ ಜಾಗ ಹುಡುಕಿ ಕನಿಷ್ಠ 500 ಕೋಶ ಎಣಿಸಬೇಕು. ನೂರಕ್ಕೆ 3ಕ್ಕಿಂತ ಕಡಿಮೆಯಾದರೆ ಮೊದಲ ದರ್ಜೆ. 3ರಿಂದ 20 ಎರಡನೆಯದು. 20 ದಾಟಿದರೆ ಮೂರನೆಯದು. ಐನೂರರಲ್ಲಿ 14 ಕಂದಾಗಿದ್ದರೆ ಮೊದಲ ದರ್ಜೆ, 15 ಆದರೆ ಎರಡನೆಯದು. ಒಂದೇ ಒಂದು ಕೋಶದ ಅಂತರ! ಅದಕ್ಕೇ ಕಣ್ಣಂದಾಜಿನಲ್ಲಿ ಬರೆಯದೆ, ಫೋಟೋ ತೆಗೆದು ಪ್ರಿಂಟು ಹಾಕಿಕೊಂಡು, ಎಣಿಸಿದ ಪ್ರತಿ ಕೋಶಕ್ಕೂ ಪೆನ್ನಿನಿಂದ ಗೆರೆ ಹೊಡೆಯುತ್ತ ಹೋಗುತ್ತೇವೆ. ವಿಭಜನೆಯಾಗುತ್ತಿರುವ ಕೋಶಗಳನ್ನೂ ಬೇರೆಯಾಗಿ ಎಣಿಸಿ, ಎರಡರಲ್ಲಿ ಯಾವುದು ಮೇಲಿನ ದರ್ಜೆ ಹೇಳುತ್ತದೋ ಅದನ್ನೇ ಒಪ್ಪುತ್ತೇವೆ. ಮೂರನೆಯ ದರ್ಜೆಯೊಳಗೂ ಭೇದವಿದೆ. ಪಿ-53, ಆರ್‌ಬಿ ಬಣ್ಣಗಳು ಕೆಟ್ಟಿದ್ದರೆ ಅದು ಬಿರುಸಾಗಿ ಓಡುವ ಕಾರ್ಸಿನೋಮ ಇರಬಹುದು, ಅದಕ್ಕೆ ಬೇರೆಯೇ ಕಿಮೋಥೆರಪಿ. ಇಡೀ ರಿಪೋರ್ಟಿನಲ್ಲಿ ಚಿಕಿತ್ಸೆಯನ್ನು ಅತಿ ಹೆಚ್ಚು ಬದಲಿಸುವ ಸಾಲು ಈ ದರ್ಜೆಯದೇ.

ಇನ್ನೊಂದು ಗುರುತು ಕೋಶದ ಮೈಮೇಲೇ ಇದೆ: ಸೊಮಾಟೊಸ್ಟಾಟಿನ್ ರಿಸೆಪ್ಟರ್. ಅದಕ್ಕೆ ಅಂಟುವ ಪೆಪ್ಟೈಡಿಗೆ ವಿಕಿರಣ ಸೂಸುವ ಗ್ಯಾಲಿಯಂ-68 ಕಟ್ಟಿ ಪೆಟ್ ಸ್ಕ್ಯಾನ್ ಮಾಡಿದರೆ ಗಂಟು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೊಳೆಯುತ್ತದೆ. ಬೆಂಗಳೂರಿನಲ್ಲೂ ಈ ಸ್ಕ್ಯಾನ್ ಸಿಗುತ್ತದೆ. ಅದೇ ಪೆಪ್ಟೈಡಿಗೆ ಲುಟೀಷಿಯಂ-177 ಕಟ್ಟಿದರೆ ಅದೇ ಚಿಕಿತ್ಸೆಯಾಗುತ್ತದೆ. ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ನಮ್ಮ ದೇಶವೇ ಅದನ್ನು ತಯಾರಿಸುತ್ತಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಕೇಳುಗರೇ, ನಿಮ್ಮಲ್ಲಿ ಕೆಲವು ವಿನಂತಿಗಳಿವೆ. ಆಪರೇಷನ್‌ನಲ್ಲಿ ತೆಗೆದ ಅಪೆಂಡಿಕ್ಸನ್ನು ಲ್ಯಾಬಿಗೆ ಕಳಿಸದೆ ಎಸೆಯುವ ರೂಢಿ ಕೆಲವೆಡೆ ಇನ್ನೂ ಇದೆ. ತೆಗೆದ ಸಾವಿರ ಅಪೆಂಡಿಕ್ಸ್‌ಗಳಲ್ಲಿ ಮೂರರಿಂದ ಒಂಬತ್ತರಲ್ಲಿ ಈ ಗಂಟು ಇರುತ್ತದೆ. ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ಮತ್ತೇನೂ ಬೇಕಾಗುವುದಿಲ್ಲ. ಎರಡು ದಾಟಿದ್ದರೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಗೊತ್ತಾಗುವುದು ಪರೀಕ್ಷೆ ಮಾಡಿದರೆ ಮಾತ್ರ. ಹಾಗಾಗಿ ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿದ್ದೀರಾ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ. ಯಾವ ರಕ್ತಪರೀಕ್ಷೆಗೆ ಹೋದರೂ ನುಂಗುವ ಮಾತ್ರೆಗಳ ಚೀಟಿಯನ್ನು ಕೈಯಲ್ಲಿ ಹಿಡಿದು ಹೋಗಿ, ಗ್ಯಾಸ್ ಮಾತ್ರೆಯನ್ನೂ ಅದರಲ್ಲಿ ಬರೆದಿರಿ. ಈ ಗಂಟು ಎಂದು ರಿಪೋರ್ಟು ಬಂದಿದ್ದರೆ ಕೆಐ-67 ಎಷ್ಟು ಎಂದು ಬರೆದಿದೆಯೇ ನೋಡಿ. ಬರೆದಿರದಿದ್ದರೆ ಕೇಳಿ ಬರೆಸಿಕೊಳ್ಳಿ. ದೊಡ್ಡ ಆಸ್ಪತ್ರೆಗೆ ಹೋಗುವಾಗ ಕಾಗದಗಳ ಜೊತೆ ಸ್ಲೈಡುಗಳನ್ನೂ ಆ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಪಡೆದು ಒಯ್ಯಿರಿ. ಬ್ಲಾಕ್ ಕೈಯಲ್ಲಿದ್ದರೆ ವರ್ಷಗಳ ನಂತರವೂ ಹೊಸ ಬಣ್ಣ ಹಾಕಿ ನೋಡಬಹುದು, ಮತ್ತೆ ಸೂಜಿ ಚುಚ್ಚಿಸಿಕೊಳ್ಳುವುದು ಎಷ್ಟೋ ಸಲ ತಪ್ಪುತ್ತದೆ.